ಕೂರಲೂ ಬರಬೇಕು, ಏಳಲೂ ಬರಬೇಕು

"ಅಮ್ಮಾ, ಕೆಳಗೆ ಕೂರಬೇಡ, ಆಮೇಲೆ ಏಳಕ್ಕಾಗಲ್ಲ." ಎಪ್ಪತ್ತು ದಾಟಿದವರಿರುವ ಮನೆಗಳಲ್ಲಿ ಈ ಮಾತು ಆಗಾಗ ಕಿವಿಗೆ ಬೀಳುತ್ತಲೇ ಇರುತ್ತದೆ. ಹೇಳುವವರದ್ದು ಪ್ರೀತಿಯೇ. ಮಂಡಿನೋವು ಶುರುವಾಗಿರುತ್ತದೆ, ಎದುರು ಮನೆಯ ಅಜ್ಜಿ ಬಿದ್ದು ಸೊಂಟ ಮುರಿದುಕೊಂಡದ್ದು ಮನಸ್ಸಿನಲ್ಲಿರುತ್ತದೆ, ಡಾಕ್ಟರೂ ಚೀಟಿಯಲ್ಲಿ ಬರೆದುಕೊಟ್ಟಿರುತ್ತಾರೆ. ಹಾಗಾಗಿ ಮೊದಲು ಊಟ ಟೇಬಲ್ಲಿಗೆ ಹೋಗುತ್ತದೆ, ಆಮೇಲೆ ಪೂಜೆ ಕುರ್ಚಿಗೆ ಬರುತ್ತದೆ. ಹೂ ಕಟ್ಟುವುದು, ಸೊಪ್ಪು ಬಿಡಿಸುವುದು ಮಂಚದ ಮೇಲೆ. ಮೊಮ್ಮಕ್ಕಳು ನೆಲದ ಮೇಲೆ ಚೌಕಾಬಾರ ಹರಡಿಕೊಂಡರೆ ಅಜ್ಜಿ ಸೋಫಾದಿಂದಲೇ ಬಗ್ಗಿ ಕಾಯಿ ನಡೆಸುತ್ತಾರೆ. ಹೀಗೆ ಒಂದೆರಡು ವರ್ಷ ಕಳೆದರೆ ನೆಲಕ್ಕೂ ಅವರಿಗೂ ಪಾದದಷ್ಟೇ ಸಂಬಂಧ ಉಳಿಯುತ್ತದೆ.

ನೆಲ ಮಾತ್ರ ಅಲ್ಲೇ ಇರುತ್ತದೆ. ಒಂದು ದಿನ ಬಚ್ಚಲಿನಲ್ಲಿ ಕಾಲು ಜಾರುತ್ತದೆ, ಇಲ್ಲವೇ ರಾತ್ರಿ ಕತ್ತಲಲ್ಲಿ ಮಂಚದ ಅಂದಾಜು ತಪ್ಪುತ್ತದೆ. ಮೂಳೆ ಮುರಿದಿರುವುದಿಲ್ಲ, ರಕ್ತ ಬಂದಿರುವುದಿಲ್ಲ. ಆದರೂ ಏಳಲು ಬರುವುದಿಲ್ಲ. ಯಾವ ಕೈ ಎಲ್ಲಿ ಊರಬೇಕು, ಯಾವ ಕಾಲನ್ನು ಮೊದಲು ಮಡಚಬೇಕು ಎಂಬುದೇ ಮೈಗೆ ಮರೆತುಹೋಗಿರುತ್ತದೆ.

ಇದು ಎಷ್ಟು ಸಾಮಾನ್ಯ ಎಂಬುದಕ್ಕೆ ಒಳ್ಳೆಯ ಅಧ್ಯಯನಗಳಿವೆ. ಅಮೆರಿಕದ ವೃದ್ಧಾಪ್ಯ ತಜ್ಞೆ ಮೇರಿ ಟಿನೆಟ್ಟಿ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಬಿದ್ದರೂ ಗಾಯವಾಗದೆ ಉಳಿದ 313 ಹಿರಿಯರ ಪೈಕಿ 148 ಮಂದಿ ಒಮ್ಮೆಯಾದರೂ ಬೇರೆಯವರ ಸಹಾಯವಿಲ್ಲದೆ ಏಳಲಾಗಲಿಲ್ಲ ಎಂದಿದ್ದರು. ಅಂದರೆ ಹೆಚ್ಚೂಕಡಿಮೆ ಅರ್ಧದಷ್ಟು ಜನ. ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ತೊಂಬತ್ತು ದಾಟಿದವರನ್ನು ಒಂದು ವರ್ಷ ಗಮನಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಕಠಿಣ ಸತ್ಯ ಹೇಳಿತು. ಬಿದ್ದ 66 ಮಂದಿಯಲ್ಲಿ 53 ಜನಕ್ಕೆ ಒಮ್ಮೆಯಾದರೂ ತಾವಾಗಿ ಏಳಲಾಗಿರಲಿಲ್ಲ. 20 ಮಂದಿ ಒಂದು ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ನೆಲದಲ್ಲೇ ಬಿದ್ದಿದ್ದರು. ಬಿದ್ದದ್ದು ಬಹುಪಾಲು ಒಬ್ಬರೇ ಇದ್ದಾಗ.

ಗಂಟೆಗಟ್ಟಲೆ ನೆಲದಲ್ಲಿ ಬಿದ್ದಿರುವುದು ಸಣ್ಣ ಮಾತಲ್ಲ. ಮೈಭಾರ ಒಂದೇ ಕಡೆ ಒತ್ತಿ ಚರ್ಮ ಹುಣ್ಣಾಗುತ್ತದೆ. ಒತ್ತಡಕ್ಕೆ ಸಿಕ್ಕ ಸ್ನಾಯು ಒಡೆದು ಅದರ ಅಂಶ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಪೆಟ್ಟು ಕೊಡಬಹುದು. ಬಾಯಿಗೆ ನೀರಿಲ್ಲ, ಮೈ ತಣ್ಣಗಾಗುತ್ತದೆ, ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾಕ್ಕೆ ದಾರಿಯಾಗುತ್ತದೆ. ಇಷ್ಟಾಗಿ ಬದುಕಿ ಉಳಿದವರಿಗೂ ಭಯ ಉಳಿಯುತ್ತದೆ. ಭಯದಿಂದ ಓಡಾಟ ಕಮ್ಮಿ, ಓಡಾಟ ಕಮ್ಮಿಯಾದರೆ ಕಾಲಿನ ಬಲ ಕಮ್ಮಿ, ಬಲ ಕಮ್ಮಿಯಾದರೆ ಮತ್ತೆ ಬೀಳುವುದು.

ಹಿರಿಯರನ್ನು ನೆಲದಿಂದ ದೂರ ಇಟ್ಟು ಕಾಪಾಡುತ್ತೇವೆ ಎಂಬ ನಮ್ಮ ನಂಬಿಕೆಯನ್ನು ಬದಲಿಸಿಕೊಳ್ಳಲೇಬೇಕು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ನೆಲಕ್ಕೆ ಇಳಿಯುವುದನ್ನೂ ಏಳುವುದನ್ನೂ ಕ್ರಮವಾಗಿ ಕಲಿಸಿ, ಆ ಅಭ್ಯಾಸ ತಪ್ಪದಂತೆ ನೋಡಿಕೊಳ್ಳುವುದೇ ನಿಜವಾದ ಕಾಪು.

ನೆಲದ ಮೇಲಿನ ಬದುಕು

ಈ ವಿಚಾರ ಬೇರೆ ಕಡೆಗಿಂತ ನಮ್ಮಲ್ಲಿ ಹೆಚ್ಚು ಮುಖ್ಯ, ಏಕೆಂದರೆ ನಮ್ಮ ಬದುಕಿನ ಅರ್ಧ ನೆಲದ ಮೇಲೆಯೇ ನಡೆದದ್ದು. ಈಳಿಗೆಮಣೆ, ಒರಳುಕಲ್ಲು, ಬೀಸುವ ಕಲ್ಲು, ಹಸೆಮಣೆ, ಭಜನೆಯ ಜಮಖಾನ, ಮಠಗಳ ದಾಸೋಹದ ಪಂಕ್ತಿ ಎಲ್ಲವೂ ಕೂತು ಏಳುವ ಮೈಯನ್ನು ನಂಬಿಕೊಂಡವು. ಮಲೆನಾಡಿನ ಅಡಿಕೆ ಸುಲಿಯುವ ಚಪ್ಪರ, ದಕ್ಷಿಣ ಕನ್ನಡದ ಬೀಡಿ ಕಟ್ಟುವ ಜಗುಲಿ, ಬಯಲುಸೀಮೆಯ ಶೇಂಗಾ ಬಿಡಿಸುವ ಅಂಗಳ, ಎಲ್ಲ ಕಡೆಯೂ ಹೆಂಗಸರು ಕೆಳಗೆ ಕೂತೇ ದುಡಿದರು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯಿದೆ. "ನಮ್ಮ ಹಿರಿಯರು ನೆಲದ ಮೇಲೆ ಕೂತು ಬೆಳೆದವರು, ಅವರಿಗೆ ಇದನ್ನೆಲ್ಲ ಹೇಳಿಕೊಡಬೇಕೇ" ಎಂದು ಹಲವರು ಕೇಳುತ್ತಾರೆ. ಕೂತೇ ಇರುವುದು ಬೇರೆ, ಕೂತು ಏಳುವುದು ಬೇರೆ. ತಾಸುಗಟ್ಟಲೆ ಒಂದೇ ಭಂಗಿಯಲ್ಲಿ ಕೂತು ಬೀಡಿ ಕಟ್ಟಿದವರ ತೊಡೆಗೆ ಅದರಿಂದ ಬಲ ಬರುವುದಿಲ್ಲ. ಮಂಡಿ, ಸೊಂಟ ಹಿಡಿದುಕೊಳ್ಳುತ್ತವೆ, ಅಷ್ಟೆ. ತೊಡೆಗೆ ಕೆಲಸ ಸಿಗುವುದು ಇಳಿಯುವ ಮತ್ತು ಏಳುವ ಆ ಕೆಲವು ಕ್ಷಣಗಳಲ್ಲಿ. ಹಿಂದೆ ಅಂತಹ ಕ್ಷಣಗಳು ದಿನವಿಡೀ ಬರುತ್ತಿದ್ದವು. ರಂಗೋಲಿಗೆ ಬಾಗಿ, ಒಲೆಗೆ ಕುಕ್ಕರುಗಾಲಲ್ಲಿ ಕೂತು, ನೀರಿಗೆ ಎದ್ದು, ಊಟಕ್ಕೆ ಕೂತು, ಬಡಿಸಲು ಎದ್ದು. ಗ್ಯಾಸ್ ಒಲೆ ಕಟ್ಟೆ ಏರಿತು, ಮಿಕ್ಸಿ ಬಂತು, ಕಮೋಡ್ ಬಂತು. ಇವು ಬಂದದ್ದು ಒಳ್ಳೆಯದೇ, ಆ ದುಡಿಮೆಯನ್ನು ಯಾರೂ ಮರಳಿ ಬಯಸಬೇಕಿಲ್ಲ. ಆದರೆ ದುಡಿಮೆಯ ಜೊತೆಗೆ ಬರುತ್ತಿದ್ದ ವ್ಯಾಯಾಮ ಹೋಯಿತು. ಅದರ ಜಾಗಕ್ಕೆ ನಾವು ಏನನ್ನೂ ತರಲಿಲ್ಲ.

ನೆಲ ಬಿಟ್ಟವರು ಕಳೆದುಕೊಳ್ಳುವುದು ಬಲವನ್ನಷ್ಟೇ ಅಲ್ಲ. ಜೀವಮಾನವಿಡೀ ಚಕ್ಕಳಮಕ್ಕಳ ಹಾಕಿ ಕೂತು ಇಷ್ಟಲಿಂಗ ಪೂಜೆ ಮಾಡಿದವರಿಗೆ, ಸಾಲಿನಲ್ಲಿ ನಿಂತು ಸಜ್ದಾ ಮಾಡುತ್ತಿದ್ದವರಿಗೆ, ಶ್ರಾದ್ಧದ ದಿನ ಮಣೆಯ ಮೇಲೆ ಕೂರುತ್ತಿದ್ದವರಿಗೆ ಒಮ್ಮೆಲೇ ಹಿಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿ ಸಿಕ್ಕಾಗ ಆಗುವ ಸಂಕಟವನ್ನು ನಾವು ಸಾಕಷ್ಟು ಗಮನಿಸಿಲ್ಲ. ಕುರ್ಚಿಯೇ ಬೇಕಾದವರಿಗೆ ಕುರ್ಚಿ ಇರಲಿ, ಅದರಲ್ಲಿ ಕೊರತೆಯೇನಿಲ್ಲ. ಸ್ವಲ್ಪ ಹೇಳಿಕೊಟ್ಟರೆ ನೆಲಕ್ಕೆ ಇಳಿಯಬಲ್ಲವರನ್ನೂ ನಾವು ಕುರ್ಚಿಗೆ ದೂಡುತ್ತಿದ್ದೇವೆ ಎಂಬುದು ನನ್ನ ಸಂಕಟ.

ಬ್ರೆಜಿಲ್‌ನ ರಿಯೊ ಡಿ ಜನೈರೊದ ವೈದ್ಯ ಕ್ಲಾಡಿಯೊ ಗಿಲ್ ಅರೌಜೊ ಮತ್ತವರ ತಂಡ ನೆಲಕ್ಕೆ ಕೂತು ಏಳುವುದನ್ನೇ ಒಂದು ಪರೀಕ್ಷೆಯಾಗಿಸಿದೆ. ನೆಲಕ್ಕೆ ಕೂರಲು 5 ಅಂಕ, ಏಳಲು 5 ಅಂಕ. ಕೈ, ಮೊಣಕೈ, ಮಂಡಿ ಹೀಗೆ ಪ್ರತಿ ಊರುವಿಕೆಗೂ ಒಂದಂಕ ಕಡಿತ, ಓಲಾಡಿದರೆ ಅರ್ಧ. 51ರಿಂದ 80 ವರ್ಷದ 2,002 ಜನರನ್ನು ಆರು ವರ್ಷಕ್ಕೂ ಮಿಕ್ಕಿ ಗಮನಿಸಿದಾಗ, ತೀರಾ ಕಡಿಮೆ ಅಂಕ ಪಡೆದವರಲ್ಲಿ ಸಾವಿನ ಪ್ರಮಾಣ ಹೆಚ್ಚು ಅಂಕದವರಿಗಿಂತ ಐದಾರು ಪಟ್ಟು ಇತ್ತು. 2012ರಲ್ಲಿ ಬಂದ ಈ ಫಲಿತಾಂಶ ಮೊಬೈಲುಗಳಲ್ಲಿ ಹರಿದಾಡಿ, ನಡುವಯಸ್ಸಿನವರೂ ಕೈ ಊರದೆ ಏಳುವ ಪಂದ್ಯಕ್ಕೆ ಇಳಿದದ್ದುಂಟು. ಮನೆಯ ಹಿರಿಯರ ಮೇಲೆ ಈ ಪರೀಕ್ಷೆಯನ್ನು ದಯವಿಟ್ಟು ಮಾಡಬೇಡಿ. ಅದು ಸ್ನಾಯು, ಸಮತೋಲನ, ಕೀಲುಗಳ ಒಟ್ಟು ಸ್ಥಿತಿಯನ್ನು ತೋರಿಸುವ ಕನ್ನಡಿ. ಏಳಲಾಗದ್ದರಿಂದಲೇ ಸಾವು ಬರುತ್ತದೆ ಎಂದು ಅದರ ಅರ್ಥವಲ್ಲ. ನಮ್ಮ ಹಿರಿಯರಿಗೆ ಅಂಕ ಬೇಕಾಗಿಲ್ಲ. ಕೈ ಊರಲಿ, ಮಂಡಿ ಊರಲಿ, ಕುರ್ಚಿ ಹಿಡಿಯಲಿ, ಒಟ್ಟಿನಲ್ಲಿ ತಾವಾಗಿ ಏಳಲಿ.

ಮೇಲಿನಿಂದ ಕೆಳಕ್ಕೆ ಕಲಿಯುವುದು

ಫಿಸಿಯೋಥೆರಪಿಸ್ಟರು ಬಳಸುವ ಒಂದು ಒಳ್ಳೆಯ ವಿಧಾನವಿದೆ. ನೆಲದ ಮೇಲೆ ಕೂರಿಸಿ "ಏಳಿ" ಎನ್ನುವುದಿಲ್ಲ. ನಿಂತಲ್ಲಿಂದ ಶುರುಮಾಡಿ, ಒಂದು ಹಂತ ಇಳಿದು ಮತ್ತೆ ಎದ್ದು, ಅದು ಸಲೀಸಾದ ಮೇಲೆ ಎರಡು ಹಂತ ಇಳಿದು ಮತ್ತೆ ಏಳುವುದು. ಯಾವ ಆಳಕ್ಕೆ ಇಳಿದರೂ ಅಲ್ಲಿಂದ ಮೇಲೆ ಬರುವ ದಾರಿ ಆಗಲೇ ಗೊತ್ತಿರುತ್ತದೆ. ಭಯಪಡುವವರಿಗೆ ಇದಕ್ಕಿಂತ ಧೈರ್ಯದ ದಾರಿ ಇಲ್ಲ. ಒಂದೇ ದಿನ ನೆಲ ಮುಟ್ಟಬೇಕಿಲ್ಲ, ವಾರಗಳು ಹಿಡಿದರೂ ಆಗಲಿ.

ಮೊದಲು ಜಾಗ. ಕುರ್ಚಿ ಭಾರವಾಗಿರಬೇಕು, ಮರದ್ದಾದರೆ ಮೇಲು. ಅದರ ಬೆನ್ನು ಗೋಡೆಗೆ ತಾಗಿರಬೇಕು. ಪ್ಲಾಸ್ಟಿಕ್ ಕುರ್ಚಿ ನುಣುಪಾದ ಟೈಲ್ಸ್ ಮೇಲೆ ಜಾರುತ್ತದೆ, ಕಾಲು ಅಗಲವಾಗಿ ಸೀಳುವುದೂ ಉಂಟು. ಈ ಕೆಲಸಕ್ಕೆ ಅದು ಬೇಡವೇ ಬೇಡ. ಚಾಪೆಯೂ ಜಾರುತ್ತದೆ. ದಪ್ಪ ಕಂಬಳಿಯನ್ನೋ ರಬ್ಬರ್ ತಳದ ಯೋಗದ ಹಾಸನ್ನೋ ಹಾಸಿ, ಮಂಡಿ ಊರುವಲ್ಲಿ ಇನ್ನೊಂದು ಮಡಿಕೆ ಹಾಕಿ. ಕಾಲಲ್ಲಿ ಸಾಕ್ಸ್ ಬೇಡ, ಬರಿಗಾಲು ಒಳ್ಳೆಯದು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಮಾತ್ರ ಹಿಡಿತವಿರುವ ಪಾದರಕ್ಷೆ ಬೇಕು. ಉಡುಪಿನ ಬಗ್ಗೆ ಯಾವ ಕೈಪಿಡಿಯೂ ನಮಗೆ ಹೇಳುವುದಿಲ್ಲ. ಮಂಡಿಯೂರಿದಾಗ ಸೀರೆಯ ನೆರಿಗೆ ಮಂಡಿಯ ಕೆಳಗೆ ಸಿಕ್ಕಿಕೊಳ್ಳುತ್ತದೆ, ಏಳುವಾಗ ಅದೇ ಹಿಂದಕ್ಕೆ ಜಗ್ಗಿ ಬೀಳಿಸುತ್ತದೆ. ನೈಟಿಯೂ ಪಂಚೆಯೂ ಹಾಗೆಯೇ. ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಪಂಚೆ ಎತ್ತಿ ಕಟ್ಟಿ ಶುರುಮಾಡಬೇಕು.

ಇಳಿಯುವಾಗ ಕುರ್ಚಿಗೆ ಎದುರಾಗಿ ನಿಂತು, ಬಾಗಿ, ಎರಡೂ ಅಂಗೈಯನ್ನು ಅದರ ಆಸನದ ಮೇಲೆ ಊರಬೇಕು. ಗಟ್ಟಿಯಾದ ಕಾಲು ಮುಂದೆ ಇರಲಿ, ನೋವಿನ ಕಾಲನ್ನು ಹಿಂದಕ್ಕೆ ಸರಿಸಿ ಅದರ ಮಂಡಿಯನ್ನು ನಿಧಾನವಾಗಿ ನೆಲಕ್ಕೆ ತರಬೇಕು. ನಂತರ ಇನ್ನೊಂದು ಮಂಡಿ. ಆಮೇಲೆ ಒಂದೊಂದೇ ಕೈ ನೆಲಕ್ಕೆ. ಮಗು ಅಂಬೆಗಾಲಿಡುವ ಭಂಗಿ ಬಂತು. ಅಲ್ಲಿಂದ ಸೊಂಟವನ್ನು ಒಂದು ಪಕ್ಕಕ್ಕೆ ಇಳಿಸಿದರೆ ಕೂತಾಯಿತು. ದೊಪ್ಪನೆ ಕೂರಬಾರದು. ಮೂಳೆ ಸವೆದವರಿಗೆ ಆ ಒಂದು ಕುಕ್ಕಿಗೇ ಬೆನ್ನುಮೂಳೆ ಕುಸಿಯಬಹುದು.

ಏಳುವುದು ಇದೇ ದಾರಿಯಲ್ಲಿ ಹಿಂದಕ್ಕೆ. ಮಲಗಿದ್ದರೆ ಮೊದಲು ಮಗ್ಗುಲಾಗಬೇಕು. ಅಂಗಾತ ಇದ್ದವರು ನೇರ ಎದ್ದು ಕೂರಲು ಹೆಣಗುವುದೇ ಸುಸ್ತಿಗೆ ಮುಖ್ಯ ಕಾರಣ. ಮಗ್ಗುಲಿಂದ ಮೊಣಕೈ ಊರಿ, ಅಂಗೈ ಊರಿ ಮೇಲಕ್ಕೆ, ಅಲ್ಲಿಂದ ಅಂಬೆಗಾಲಿಗೆ. ಕುರ್ಚಿಯ ಹತ್ತಿರ ಹೋಗಿ ಎರಡೂ ಕೈ ಆಸನದ ಮೇಲೆ. ಗಟ್ಟಿ ಕಾಲಿನ ಪಾದವನ್ನು ಮುಂದೆ ತಂದು ಅಂಗಾಲು ಪೂರ್ತಿ ನೆಲಕ್ಕೆ ಊರಬೇಕು. ಮುಂದಕ್ಕೆ ಚೆನ್ನಾಗಿ ಬಾಗಿ, ಕೈಯಿಂದ ಒತ್ತಿ, ಮುಂದಿನ ಪಾದದಿಂದ ನೆಲವನ್ನು ತುಳಿದು ಸೊಂಟ ಎತ್ತಬೇಕು. ಎದ್ದ ಕೂಡಲೇ ನಡೆಯಬಾರದು. ತಿರುಗಿ ಅದೇ ಕುರ್ಚಿಯಲ್ಲಿ ಕೂತು ಎರಡು ನಿಮಿಷ ಸುಧಾರಿಸಿಕೊಳ್ಳಬೇಕು. ರಕ್ತದೊತ್ತಡದ ಮಾತ್ರೆ, ಪ್ರಾಸ್ಟೇಟ್ ಮಾತ್ರೆ, ನಿದ್ದೆ ಮಾತ್ರೆ ತೆಗೆದುಕೊಳ್ಳುವ ಹಲವರಿಗೆ ಎದ್ದಾಗ ಒತ್ತಡ ಇಳಿದು ತಲೆ ಸುತ್ತುತ್ತದೆ. ಎರಡನೆಯ ಸಲ ಬೀಳುವುದು ಆ ಕ್ಷಣದಲ್ಲೇ.

ನೆನಪಿಡಬೇಕಾದದ್ದು ಇಷ್ಟೇ: ಇಳಿಯುವಾಗಲೂ ಏಳುವಾಗಲೂ ಗಟ್ಟಿ ಕಾಲೇ ಮುಂದೆ. ನೋವಿನ ಮಂಡಿಯ ಮೇಲೆ ಭಾರ ಹಾಕಲು ಸಾಧ್ಯವೇ ಇಲ್ಲವೆನ್ನುವವರು ಕಾಲು ಬದಲಾಯಿಸಿ ನೋಡಬಹುದು.

ಎರಡೂ ಮಂಡಿ ಊರಲಾಗದವರಿಗೆ ಇನ್ನೊಂದು ದಾರಿ ಇದೆ, ಅದಕ್ಕೆ ಬೇಕಾದ ಸಾಮಾನು ಹಳೆಯ ಮನೆಗಳಲ್ಲೆಲ್ಲ ಇರುತ್ತದೆ. ಊಟದ ಮಣೆ ಒಂದು, ಅದಕ್ಕಿಂತ ಎತ್ತರದ ಗಟ್ಟಿ ಸ್ಟೂಲ್ ಒಂದು, ಆಮೇಲೆ ಕುರ್ಚಿ. ಇವು ಒಂದೊಂದೂ ಗೋಡೆಗೆ ಆತುಕೊಂಡಿರಬೇಕು. ಮಣೆಗೆ ಬೆನ್ನು ಹಾಕಿ ಕೂತು, ಹಿಂದಕ್ಕೆ ಅಂಗೈ ಊರಿ, ಪಾದಗಳನ್ನು ಒತ್ತಿ ಕುಂಡಿಯನ್ನು ಮಣೆಯ ಮೇಲಕ್ಕೆ ಎತ್ತಬೇಕು. ಉಸಿರಾಡಿ, ಸುಧಾರಿಸಿಕೊಂಡು, ಅಲ್ಲಿಂದ ಸ್ಟೂಲಿಗೆ, ಸ್ಟೂಲಿನಿಂದ ಕುರ್ಚಿಗೆ. ಮನೆಯೊಳಗೆ ಮೆಟ್ಟಿಲಿದ್ದರೆ ಇನ್ನೂ ಸುಲಭ. ಕೂತ ಹಾಗೆಯೇ ಸರಿದು ಮೆಟ್ಟಿಲ ಬಳಿ ಹೋಗಿ, ಒಂದೊಂದೇ ಮೆಟ್ಟಿಲು ಹಿಂದಕ್ಕೆ ಏರಿ, ಎತ್ತರ ಸಾಕೆನಿಸಿದಾಗ ಕಂಬಿ ಹಿಡಿದು ನಿಲ್ಲಬಹುದು. ಇದಕ್ಕೆ ಭುಜದಲ್ಲಿ ಬಲ ಬೇಕು, ಆದರೆ ಮಂಡಿಗೆ ಭಾರವಿಲ್ಲ.

ಸಂಕೋಚವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಅಳಿಯನ ಎದುರು, ಸೊಸೆಯ ತವರಿನವರ ಎದುರು ಅಂಬೆಗಾಲಿಡಲು ಯಾವ ಅಜ್ಜಿಯೂ ಒಪ್ಪುವುದಿಲ್ಲ, ಒಪ್ಪಬೇಕೆಂದು ಬಯಸುವುದೂ ಸರಿಯಲ್ಲ. ಕೋಣೆಯ ಬಾಗಿಲು ಹಾಕಿ, ಮಗಳೋ ಸೊಸೆಯೋ ಮೊದಲು ತಾನು ಮಾಡಿ ತೋರಿಸಿ, ಆಮೇಲೆ ಅವರಿಂದ ಮಾಡಿಸಲಿ. ಮರೆವಿನ ಕಾಯಿಲೆ ಇರುವವರಿಗಂತೂ ಮಾತಿಗಿಂತ ಮಾಡಿ ತೋರಿಸುವುದೇ ತಲುಪುತ್ತದೆ.

ಎತ್ತುವ ಕೈಗೆ ಒಂದು ಮಾತು

ಬಿದ್ದವರನ್ನು ಕಂಡರೆ ನಮಗೆ ಮೊದಲು ತೋಚುವುದು ಕಂಕುಳಿಗೆ ಕೈ ಹಾಕಿ ಎತ್ತುವುದು, ಅಥವಾ ಎರಡೂ ಕೈ ಹಿಡಿದು ಎಳೆಯುವುದು. ಎರಡೂ ಬೇಡ. ವಯಸ್ಸಾದವರ ಭುಜದ ಸ್ನಾಯು ಸವೆದಿರುತ್ತದೆ, ಹಾಗೆ ಎಳೆದರೆ ಹರಿಯಬಹುದು. ಲಕ್ವ ಹೊಡೆದ ಕೈಯನ್ನಂತೂ ಎಳೆಯಲೇಬಾರದು, ಭುಜದ ಕೀಲು ಜಾರುತ್ತದೆ. ರಟ್ಟೆ ಬಿಗಿಯಾಗಿ ಹಿಡಿದರೆ ತೆಳುವಾದ ಚರ್ಮ ಕಿತ್ತುಬರುತ್ತದೆ. ಎತ್ತುವವರ ಬೆನ್ನೂ ಉಳಿಯುವುದಿಲ್ಲ. ಎಷ್ಟೋ ಮನೆಗಳಲ್ಲಿ ಗಂಡನನ್ನು ಎತ್ತುವವರು ಅವರಷ್ಟೇ ವಯಸ್ಸಾದ ಹೆಂಡತಿ.

ಸಹಾಯ ಎಂದರೆ ಕುರ್ಚಿ ತಂದಿಟ್ಟು ಅಲುಗದಂತೆ ಹಿಡಿಯುವುದು. ಬಲವಿಲ್ಲದ ಪಕ್ಕದಲ್ಲಿ, ಸ್ವಲ್ಪ ಹಿಂದೆ ನಿಂತು ಸೊಂಟದ ಬಳಿ ಕೈ ಇಟ್ಟುಕೊಳ್ಳುವುದು. "ಮಗ್ಗುಲಾಗಿ... ಈಗ ಮೊಣಕೈ ಊರಿ..." ಎಂದು ಒಂದು ಸಲಕ್ಕೆ ಒಂದೇ ಮಾತು ಹೇಳುವುದು. ಎರಡು ಕುರ್ಚಿ ಇದ್ದರೆ ಬಹಳ ಅನುಕೂಲ: ಒಂದು ಎದುರಿಗೆ, ಕೈ ಊರಲು; ಅವರು ಸೊಂಟ ಎತ್ತಿದೊಡನೆ ಇನ್ನೊಂದನ್ನು ಹಿಂದಿನಿಂದ ಕೆಳಗೆ ಸರಿಸಿದರೆ ತಿರುಗುವ ಕಷ್ಟವೂ ಇಲ್ಲದೆ ಕೂರುತ್ತಾರೆ. ಹೊತ್ತು ಹಿಡಿದರೆ ಹಿಡಿಯಲಿ. ಅವಸರ ಮಾಡಬಾರದು.

ಆದರೆ ಬಿದ್ದ ತಕ್ಷಣ ಏಳಿಸುವ ಮುಂಚೆ ನೋಡಬೇಕಾದದ್ದಿದೆ. ತೊಡೆಸಂದಿಯಲ್ಲಿ ತೀವ್ರ ನೋವು, ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿರುವುದು, ಕುತ್ತಿಗೆ ಅಥವಾ ಬೆನ್ನಲ್ಲಿ ನೋವು, ಮಾತು ತೊದಲುವುದು, ಎಚ್ಚರ ತಪ್ಪಿದ್ದು ಇವುಗಳಲ್ಲಿ ಯಾವುದಿದ್ದರೂ ಅಲುಗಾಡಿಸದೆ ಹೊದಿಕೆ ಹೊದಿಸಿ 108ಕ್ಕೆ ಕರೆ ಮಾಡಿ. ತಲೆಗೆ ಪೆಟ್ಟಾಗಿದ್ದು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಾಗಿದ್ದರೆ, ಎದ್ದು ಚೆನ್ನಾಗಿ ಮಾತಾಡುತ್ತಿದ್ದರೂ ಆಸ್ಪತ್ರೆಗೆ ಹೋಗಲೇಬೇಕು.

ಒಬ್ಬರೇ ಇರುವವರಿಗೂ ಒಂದು ಸಿದ್ಧತೆ ಇರಲಿ. ಮೊಬೈಲು ಮೇಜಿನ ಮೇಲಿದ್ದರೆ ನೆಲದಿಂದ ಎಟುಕುವುದಿಲ್ಲ. ಕೊರಳಿಗೆ ಹಾಕಿಕೊಳ್ಳುವ ಚೀಲದಲ್ಲಿರಲಿ. ಬಚ್ಚಲಿಗೆ ಒಳಗಿನಿಂದ ಅಗುಳಿ ಬೇಡ. ಏಳಲಾಗದಿದ್ದರೆ ಕೂಗಿ ಕೂಗಿ ಸುಸ್ತಾಗುವ ಬದಲು ಚೊಂಬಿನಿಂದಲೋ ಕೋಲಿನಿಂದಲೋ ನೆಲ ಬಡಿಯಬೇಕು, ಕೈಗೆ ಸಿಕ್ಕ ಬಟ್ಟೆ ಹೊದ್ದುಕೊಳ್ಳಬೇಕು, ಆಗಾಗ ಮಗ್ಗುಲು ಬದಲಿಸಿ ಪಾದ ಆಡಿಸುತ್ತಿರಬೇಕು.

ಯಾರಿಗೆ ಬೇಡ, ಯಾರಿಗೆ ಬೇಕು

ಎಲ್ಲರಿಗೂ ಇದು ಒಗ್ಗುವುದಿಲ್ಲ. ಸೊಂಟದ ಕೀಲು ಬದಲಿಸಿಕೊಂಡವರು ಹೆಚ್ಚು ಬಾಗುವುದು, ಕಾಲ ಮೇಲೆ ಕಾಲು ಹಾಕುವುದು ಕೀಲು ಜಾರಿಸಬಹುದು. ಸರ್ಜನ್ ಹೇಳಿದ ಮಿತಿ ಮೀರಬಾರದು. ಮಂಡಿ ಬದಲಿಸಿಕೊಂಡವರು ಗಾಯ ಪೂರ್ತಿ ಮಾಗಿದ ಮೇಲೆ, ಸರ್ಜನ್ ಒಪ್ಪಿದರೆ, ಮೆತ್ತನೆಯ ಹಾಸಿನ ಮೇಲೆ ಮಂಡಿಯೂರಬಹುದು. ಚಕ್ಕಳಮಕ್ಕಳ ಬೇರೆ ವಿಷಯ. ಇತ್ತೀಚೆಗೆ ಮೂಳೆ ಮುರಿದವರು, ಹೃದಯದ ತೊಂದರೆ ಹತೋಟಿಗೆ ಬಾರದವರು, ಎದ್ದರೆ ಕಣ್ಣು ಕತ್ತಲೆ ಬರುವವರು ವೈದ್ಯರನ್ನು ಕೇಳದೆ ಶುರುಮಾಡಬಾರದು.

ಉಳಿದವರಿಗೆ ಬಲ ತುಂಬುವ ಕೆಲಸ ಕುರ್ಚಿಯಿಂದಲೇ ಆರಂಭವಾಗಬಹುದು. ದಿಂಬು ಹಾಕಿ ಎತ್ತರಿಸಿದ ಕುರ್ಚಿಯಿಂದ ಎದ್ದು, ನಿಧಾನವಾಗಿ ಕೂರುವುದು. ನಿಧಾನವಾಗಿ ಕೂರುವಾಗಲೇ ತೊಡೆಗೆ ಹೆಚ್ಚು ಕೆಲಸ. ದಿನ ಕಳೆದಂತೆ ದಿಂಬು ತೆಗೆಯುವುದು. ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು. ನ್ಯೂಜಿಲೆಂಡಿನ ಒಟಾಗೊದಲ್ಲಿ ರೂಪುಗೊಂಡ ಇಂತಹ ಸರಳ ವ್ಯಾಯಾಮ ಕ್ರಮ, ಮನೆಯಲ್ಲೇ ಮಾಡಿದ ಹಿರಿಯರಲ್ಲಿ ಬೀಳುವುದನ್ನು ಮೂರನೆಯ ಒಂದು ಭಾಗದಷ್ಟು ಇಳಿಸಿತು. ಇದಕ್ಕೆ ಎದುರಾದ ಲೆಕ್ಕವೂ ಇದೆ: ಅಮೆರಿಕದಲ್ಲಿ ಆರೋಗ್ಯವಂತ ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿ ನೋಡಿದ 2007ರ ಅಧ್ಯಯನದಲ್ಲಿ ಅವರ ಕಾಲುಗಳ ಸ್ನಾಯು ಸುಮಾರು ಒಂದು ಕಿಲೋದಷ್ಟು ಕರಗಿತ್ತು. ಜ್ವರಕ್ಕೋ ಕಣ್ಣಿನ ಆಪರೇಷನ್ನಿಗೋ "ಆರಾಮಾಗಿ ಮಲಗಿರಿ" ಎಂದು ಮಲಗಿಸುವ ಮುಂಚೆ ಈ ಲೆಕ್ಕ ನೆನಪಾಗಬೇಕು.

ಹಿರಿಯರ ಆರೋಗ್ಯಕ್ಕೆಂದೇ ಕೇಂದ್ರ ಸರ್ಕಾರ 2010ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವೊಂದನ್ನು ಆರಂಭಿಸಿದೆ; ಜಿಲ್ಲಾ ಆಸ್ಪತ್ರೆಗಳಲ್ಲಿ ಹಿರಿಯರ ವಿಭಾಗ ಮತ್ತು ಫಿಸಿಯೋಥೆರಪಿ ಅದರ ಭಾಗ. ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿ ಮಾಹಿತಿ ಕೇಳಬಹುದು. ಆಸ್ಪತ್ರೆಯಿಂದ ಅಪ್ಪನನ್ನೋ ಅಮ್ಮನನ್ನೋ ಮನೆಗೆ ಕರೆತರುವಾಗ ಚೀಟಿಯಲ್ಲಿ "ನೆಲದ ಮೇಲೆ ಕೂರಬಾರದು" ಎಂದು ಬರೆದಿದ್ದರೆ, ಎಷ್ಟು ದಿನ ಎಂದು ಕೇಳಿ. ಕೆಳಗೆ ಬಿದ್ದರೆ ಏಳುವುದು ಹೇಗೆ ಎಂದು ಫಿಸಿಯೋಥೆರಪಿಸ್ಟರಿಂದ ಒಮ್ಮೆ ಮಾಡಿಸಿ, ನೀವೂ ನಿಂತು ನೋಡಿಕೊಂಡು, ಆಮೇಲೆ ಮನೆಗೆ ಹೊರಡಿ.